ಹೇಮಾವತಿಯ ನೀರು, ಶೆಟ್ಟಿಹಳ್ಳಿಯ ಗೋಡೆ

ದಸರೆಯ ರಜೆಗೆ ಎಲ್ಲಿಗೆ ಹೋಗಿದ್ದಿರಿ ಎಂದು ಬಸವೇಶ್ವರನಗರದ ನಮ್ಮ ಬೀದಿಯ ನೆರೆಯವರೊಬ್ಬರು ಕೇಳಿದರು. ಅವರು ಸಕುಟುಂಬರಾಗಿ ವಿಮಾನವೇರಿ ಸಿಂಗಪುರಕ್ಕೆ ಹೋಗಿ, ನಾಲ್ಕು ದಿನಗಳಲ್ಲಿ ಹದಿನೇಳು ಸ್ಥಳಗಳನ್ನು ಮುಗಿಸಿ ಬಂದವರು. 'ಮುಗಿಸಿ' ಎಂಬುದು ಅವರದೇ ಮಾತು.

"ಶೆಟ್ಟಿಹಳ್ಳಿಗೆ ಹೋಗಿದ್ದೆವು" ಎಂದೆ.

"ಅಲ್ಲೇನಿದೆ ಮೇಷ್ಟ್ರೇ?"

"ಒಂದು ಹಳೆಯ ಇಗರ್ಜಿ. ಚಾವಣಿಯಿಲ್ಲ, ಬಾಗಿಲಿಲ್ಲ, ಗಂಟೆಯಿಲ್ಲ. ವರ್ಷದಲ್ಲಿ ಕೆಲವು ತಿಂಗಳು ನೆಲವೂ ಇಲ್ಲ."

ಅವರು ನನ್ನನ್ನಲ್ಲ, ನನ್ನ ಹೆಂಡತಿ ಮಕ್ಕಳನ್ನು ನೆನೆದು ಮರುಗಿದಂತೆ ಕಂಡಿತು. ಅದಕ್ಕೆ ನಾನು ಅಡ್ಡಿ ಮಾಡಲಿಲ್ಲ. ಆದರೆ ಈ ಅಂಕಣದ ಓದುಗರಿಗಾದರೂ ಆ ನೆಲವಿಲ್ಲದ ಇಗರ್ಜಿಯ ಕಥೆಯನ್ನು ಹೇಳಬೇಕಲ್ಲವೆ?

ನಮ್ಮ ಪಡುವಣ ಬೆಂಗಳೂರಿನವರಿಗೆ ಊರಿನಿಂದ ಹೊರಬೀಳಲು ಎರಡು ಹೆಬ್ಬಾಗಿಲುಗಳುಂಟು. ಕೆಂಗೇರಿ, ವಿಜಯನಗರದ ಕಡೆಯವರಿಗೆ ಮೈಸೂರಿನ ದಾರಿ. ರಾಜಾಜಿನಗರ, ಬಸವೇಶ್ವರನಗರದವರಿಗೆ ಯಶವಂತಪುರದ ರೈಲು ನಿಲ್ದಾಣ. ಯಶವಂತಪುರದಿಂದ ಕುಣಿಗಲ್, ಶ್ರವಣಬೆಳಗೊಳಗಳ ಮೇಲೆ ಹಾಸನಕ್ಕೆ ನೇರವಾದ ರೈಲು ಓಡತೊಡಗಿದ್ದು ೨೦೧೭ರಲ್ಲಿ. ಅದಕ್ಕೆ ಮೊದಲು ರೈಲಿನಲ್ಲೇ ಹೋಗುತ್ತೇನೆಂಬ ಹಟವಾದಿಗಳು ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಿಕೊಂಡು ಹೋಗಬೇಕಾಗಿತ್ತು. ಕಾರಿನಲ್ಲಿ ಮೂರೂವರೆ ಗಂಟೆಯಲ್ಲಿ ತಲುಪಬಹುದಾದ ಊರಿಗೆ ರೈಲೇಕೆ ಎಂದು ನನ್ನಾಕೆಯೂ ಮೊದಮೊದಲು ಕೇಳಿದ್ದುಂಟು. ಚಿತ್ರಾನ್ನದ ಡಬ್ಬಿಯನ್ನು ತೊಡೆಯ ಮೇಲೆ ಬಿಚ್ಚಿ, ಕಿಟಕಿಯಾಚೆ ರಾಗಿಯ ಹೊಲಗಳು ಹಿಂದೆ ಸರಿಯುವುದನ್ನು ನೋಡುತ್ತ ಉಣ್ಣುವ ಸುಖವನ್ನು ಒಮ್ಮೆ ಕಂಡ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ.

ಶ್ರವಣಬೆಳಗೊಳದಲ್ಲಿ ನಾವು ಇಳಿದದ್ದು ಅರ್ಧ ದಿನಕ್ಕೆ ಮಾತ್ರ. ಗೊಮ್ಮಟನ ವಿಷಯವನ್ನು ಎಲ್ಲರೂ ಬಲ್ಲರು. ಬೆಟ್ಟ ಹತ್ತುವವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಎದುರಿನ ಚಿಕ್ಕಬೆಟ್ಟಕ್ಕೆ ಹೋಗದೆ ಹಿಂದಿರುಗುತ್ತಾರೆಂಬುದಷ್ಟೇ ನನ್ನ ದೂರು. ಚಾವುಂಡರಾಯನಿಗಿಂತ ಮೂರು ನಾಲ್ಕು ಶತಮಾನಗಳಷ್ಟು ಹಿಂದಿನ ಬರಹಗಳು ಆ ಬೆಟ್ಟದ ಬಂಡೆಯ ಮೇಲಿವೆ. ಆಹಾರವನ್ನು ತ್ಯಜಿಸಿ ಅಲ್ಲಿ ದೇಹ ಬಿಟ್ಟ ಮುನಿಗಳ ಹೆಸರುಗಳು, ಪಾದದಡಿಯ ಕಲ್ಲಿನಲ್ಲಿ, ಬಿಸಿಲಿನಲ್ಲಿ ಬಿದ್ದಿವೆ. ಕನ್ನಡ ಎಂ.ಎ. ಓದುವಾಗ ಶಾಸನಪಠ್ಯದ ಪುಟದಲ್ಲಿ ಕಂಡಿದ್ದ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ನೋಡಿದಾಗ ಆಗುವ ಪುಳಕವನ್ನು ಇಲ್ಲಿ ವರ್ಣಿಸಹೊರಟರೆ ಹಾಸನ ತಲುಪುವುದು ತಡವಾದೀತು.

ಹಾಸನದಿಂದ ಬೇಲೂರಿನ ದಾರಿಯಲ್ಲಿ, ಮುಖ್ಯ ರಸ್ತೆಯನ್ನು ಬಿಟ್ಟು ಒಳಗೆ ಹೋದರೆ ದೊಡ್ಡಗದ್ದವಳ್ಳಿ. ಬೇಲೂರಿಗೆ ಓಡುವ ಪ್ರವಾಸಿಗಳ ವಾಹನಗಳು ಈ ತಿರುವಿನಲ್ಲಿ ವೇಗವನ್ನು ತಗ್ಗಿಸುವುದೂ ಇಲ್ಲ. ಹಳ್ಳಿಯ ಅಂಚಿನಲ್ಲಿ ಕೆರೆ, ಕೆರೆಯ ಬದಿಯಲ್ಲಿ ಲಕ್ಷ್ಮೀದೇವಿಯ ಗುಡಿ. ವಿಷ್ಣುವರ್ಧನನ ಕಾಲದಲ್ಲಿ, ೧೧೧೩ರ ಸುಮಾರಿನಲ್ಲಿ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಕಟ್ಟಿಸಿದ್ದು. ಎಂದರೆ ಬೇಲೂರಿನ ಚೆನ್ನಕೇಶವನಿಗಿಂತ ಈ ಗುಡಿ ನಾಲ್ಕು ವರ್ಷ ಹಿರಿದು. ಅರಸನಲ್ಲ, ದಂಡನಾಯಕನಲ್ಲ, ಗಂಡ ಹೆಂಡಿರಿಬ್ಬರು ತಮ್ಮ ಗಳಿಕೆಯಲ್ಲಿ ಮಾಡಿದ ಕೆಲಸ. ಈ ಮಾತನ್ನು ಕೇಳಿ ನನ್ನಾಕೆ ನನ್ನ ಕಡೆ ನೋಡಿದ ನೋಟವನ್ನು ಓದುಗರು ಊಹಿಸಿಕೊಳ್ಳಬಹುದು. ಕಾಲೇಜಿನ ಉಪನ್ಯಾಸಕನ ಸಂಬಳದಲ್ಲಿ ನಾಲ್ಕು ಗರ್ಭಗುಡಿಗಳ ದೇವಾಲಯ ಏಳುವುದಿಲ್ಲ.

ಹೌದು, ನಾಲ್ಕು. ಒಂದೇ ಗುಡಿಯೊಳಗೆ ನಾಲ್ಕು ದಿಕ್ಕಿಗೆ ನಾಲ್ಕು ಗರ್ಭಗೃಹಗಳು. ಲಕ್ಷ್ಮಿಯ ಪಕ್ಕದಲ್ಲೇ ಕಾಳಿ. ಕಾಳಿಯ ಬಾಗಿಲಿನ ಎರಡೂ ಬದಿಗೆ ಎಲುಬುಗೂಡಿನ ಬೇತಾಳಗಳು. ನನ್ನ ಮಗಳು, ಒಂಬತ್ತು ವರ್ಷದವಳು, ಬೇತಾಳವನ್ನು ಕಂಡು ಹೆದರಬಹುದೆಂದು ನಾನೆಣಿಸಿದ್ದೆ. ಅವಳು ಅದರ ಪಕ್ಕೆಲುಬುಗಳನ್ನು ಎಣಿಸತೊಡಗಿದಳು! ಆ ಕಾಳಿಯ ವಿಗ್ರಹವನ್ನು ೨೦೨೦ರ ನವೆಂಬರಿನಲ್ಲಿ ಜನರು ಒಡೆದ ಸ್ಥಿತಿಯಲ್ಲಿ ಕಂಡರು. ಒಂಬೈನೂರು ವರ್ಷ ನಿಂತಿದ್ದದ್ದು. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಹಿಗ್ಗಿದೆವು. ಹಿಗ್ಗಬೇಕಾದದ್ದೇ. ಪಟ್ಟಿಗೆ ಸೇರದ ಅವುಗಳ ಅಕ್ಕತಂಗಿಯರು ಕೆರೆಯ ದಂಡೆಗಳಲ್ಲಿ, ಕಬ್ಬಿನ ಗದ್ದೆಗಳ ನಡುವೆ, ಒಬ್ಬ ಕಾವಲುಗಾರನ ಭರವಸೆಯಲ್ಲಿ ನಿಂತಿದ್ದಾರೆ.

ಇನ್ನು ಇಗರ್ಜಿಯ ಮಾತು. ಹಾಸನದ ಹಳ್ಳಿಗಾಡಿನಲ್ಲಿ, ಹೇಮಾವತಿಯ ದಂಡೆಯಲ್ಲಿ, ಫ್ರೆಂಚ್ ಪಾದ್ರಿಗಳು ಬಂದು ಗೋಥಿಕ್ ಶೈಲಿಯ ಕಮಾನುಗಳನ್ನು ಎತ್ತಿದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಬೇಕಾದವರು ಮೊದಲು ಇನ್ನೊಂದು ಹೆಬ್ಬಾಗಿಲಿನಿಂದ ಹೊರಟು, ಕೆಂಗೇರಿಯಲ್ಲಿ ಮೈಸೂರಿನ ರೈಲು ಹಿಡಿದು, ಶ್ರೀರಂಗಪಟ್ಟಣದಲ್ಲಿ ಇಳಿಯಬೇಕು. ಅಲ್ಲಿ ಕೋಟೆ, ದರಿಯಾ ದೌಲತ್, ಗುಂಬಜ್ ಇವುಗಳನ್ನು ನೋಡಿದವರು ಲಕ್ಷಾಂತರ. ಗಂಜಾಮಿನ ಚಿಕ್ಕ ಇಗರ್ಜಿಯನ್ನು ಹುಡುಕಿಕೊಂಡು ಹೋದವರು ಬಹಳ ಇರಲಾರರು. ಅದು ೧೮೦೦ರಲ್ಲಿ ಎದ್ದದ್ದು. ಜನರು ಅದನ್ನು ಇಂದಿಗೂ ಅಬ್ಬೆ ದ್ಯುಬುವಾನ ಹೆಸರಿನಿಂದಲೇ ಗುರುತಿಸುತ್ತಾರೆ. ಆಡಂಬರವಿಲ್ಲದ ಕಟ್ಟಡ. ಒಳಗೆ ತಂಪು, ಹೊರಗೆ ಗುಬ್ಬಿಗಳ ಸದ್ದು. ಹತ್ತು ನಿಮಿಷಕ್ಕೆಂದು ಹೋದ ನಾವು ಒಂದು ಗಂಟೆ ಕುಳಿತೆವು.

ಮೈಸೂರು ಸೀಮೆಗೆ ಕ್ರೈಸ್ತಗುರುಗಳು ಬಂದದ್ದು ಆಂಗ್ಲರ ಬೆನ್ನ ಹಿಂದೆ ಎಂದು ನಮ್ಮಲ್ಲಿ ಅನೇಕರ ಭಾವನೆ. ಅದು ಹಾಗಲ್ಲ. ಇಟಲಿಯ ನೇಪಲ್ಸ್ ಪ್ರಾಂತದ ಲಿಯೊನಾರ್ಡೊ ಚಿನ್ನಾಮಿ ಎಂಬ ಜೆಸ್ಯೂಟ್ ಪಾದ್ರಿ ಹದಿನೇಳನೆಯ ಶತಮಾನದ ನಡುವಿನಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲೇ, ಶ್ರೀರಂಗಪಟ್ಟಣಕ್ಕೆ ಬಂದಿದ್ದನು. ಕನ್ನಡವನ್ನು ಕಲಿತನು; ಕನ್ನಡಕ್ಕೊಂದು ವ್ಯಾಕರಣವನ್ನೂ ಧರ್ಮಬೋಧೆಯ ಪುಸ್ತಕವನ್ನೂ ಬರೆದನು. ಕಿಟ್ಟೆಲರಿಗಿಂತ ಇನ್ನೂರು ವರ್ಷ ಮೊದಲಿನ ಸಂಗತಿ ಇದು. ಅಂದಿನಿಂದಲೂ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕನ್ನಡ ಕ್ರೈಸ್ತರ ಚಿಕ್ಕ ಚಿಕ್ಕ ಗುಂಪುಗಳಿದ್ದವು. ೧೭೮೪ರಲ್ಲಿ ಟೀಪೂ ಸುಲ್ತಾನನು ಕೆನರಾದ ಕಥೋಲಿಕರನ್ನು ಸೆರೆಹಿಡಿಸಿ ಘಟ್ಟದ ಮೇಲಕ್ಕೆ, ಶ್ರೀರಂಗಪಟ್ಟಣಕ್ಕೆ, ತರಿಸಿದನು. ದಾರಿಯಲ್ಲಿ ಸತ್ತವರು ಸತ್ತರು; ಬದುಕಿದವರಿಗೆ ಬಿಡುಗಡೆಯಾದದ್ದು ೧೭೯೯ರಲ್ಲಿ ಪಟ್ಟಣ ಬಿದ್ದ ಮೇಲೆ.

ಚೆದರಿದ ಆ ಮಂದೆಯನ್ನು ಒಟ್ಟುಗೂಡಿಸಲು ಬಂದವನು ದ್ಯುಬುವಾ. ಫ್ರಾನ್ಸಿನ ಮಹಾಕ್ರಾಂತಿಯ ಬೆಂಕಿಯಿಂದ ೧೭೯೨ರಲ್ಲಿ ತಪ್ಪಿಸಿಕೊಂಡು ಪುದುಚೇರಿಗೆ ಬಂದಿಳಿದ ತರುಣ ಪಾದ್ರಿ. ಯುರೋಪಿನ ಉಡುಪನ್ನು ಕಳಚಿಟ್ಟು ಈ ನಾಡಿನ ಬಟ್ಟೆಯುಟ್ಟು, ಮುಂಡಾಸು ಸುತ್ತಿ, ಗಡ್ಡ ಬಿಟ್ಟು, ಊರೂರು ತಿರುಗಿದನು. ಜನರು ಅವನನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆದರಂತೆ. ಸಿಡುಬು ಮನೆಮನೆಗಳನ್ನು ಬರಿದು ಮಾಡುತ್ತಿದ್ದ ಕಾಲವದು. ಇಂಗ್ಲೆಂಡಿನಲ್ಲಿ ಜೆನ್ನರನು ದೇವಿ ಹಾಕುವ ಉಪಾಯವನ್ನು ಪ್ರಕಟಿಸಿದ್ದು ೧೭೯೮ರಲ್ಲಿ. ಐದಾರು ವರ್ಷ ಕಳೆಯುವುದರೊಳಗೆ ಈ ಪಾದ್ರಿ ಮೈಸೂರಿನ ಹಳ್ಳಿಗಳಲ್ಲಿ ಸಾವಿರಾರು ಜನರಿಗೆ ದೇವಿ ಹಾಕಿಸಿದ್ದನು. ನೆಲವಿಲ್ಲದವರಿಗೆ ನೆಲ ಒದಗಿಸಿ, ಹಾಸನದ ಕಡೆ ಬೇಸಾಯದ ಕ್ರೈಸ್ತ ನೆಲೆಯೊಂದನ್ನು ಸ್ಥಾಪಿಸಿದನು. ಹಾಸನದ ಹಳ್ಳಿಗಾಡಿಗೆ ಫ್ರೆಂಚರ ನಂಟು ಬೆಳೆದದ್ದು ಹೀಗೆ. ಅವನು ೧೮೨೩ರಲ್ಲಿ ಸ್ವದೇಶಕ್ಕೆ ಹಿಂದಿರುಗಿದನು, ಆದರೆ ಅವನ ಸಂಘದ ಪಾದ್ರಿಗಳು ಒಬ್ಬರಾದ ಮೇಲೊಬ್ಬರು ಬರುತ್ತಲೇ ಇದ್ದರು.

ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ದ್ಯುಬುವಾನ ಗ್ರಂಥವನ್ನು ಹೆಸರಿಸದೆ ಮುಂದೆ ಹೋಗುವಂತಿಲ್ಲ. ಆ ಹಸ್ತಪ್ರತಿಯನ್ನು ೧೮೦೭ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಎರಡು ಸಾವಿರ ವರಹಗಳಿಗೆ ಕೊಂಡರು. ಇಂಗ್ಲಿಷಿನಲ್ಲಿ ಅಚ್ಚಾದದ್ದು ೧೮೧೬ರಲ್ಲಿ. ನೂರೈವತ್ತು ವರ್ಷ ವಿದ್ವಾಂಸರು ಅದನ್ನು ಪ್ರಮಾಣವೆಂದು ಉದ್ಧರಿಸಿದರು. ಅನಂತರ ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿ ಹಳೆಯ ಕಾಗದಪತ್ರಗಳನ್ನು ತಾಳೆ ನೋಡಿ, ಅದರ ಬಹುಭಾಗ ಕೂರ್ದು ಎಂಬ ಹಿಂದಿನ ಪಾದ್ರಿಯ ಬರಹವೆಂದು ತೋರಿಸಿದಳು. ಈ ಕೂರ್ದು ಸಾಮಾನ್ಯನಲ್ಲ. ಸಂಸ್ಕೃತ, ಲ್ಯಾಟಿನ್, ಗ್ರೀಕ್ ಭಾಷೆಗಳು ಒಂದೇ ಬಳ್ಳಿಯವೆಂದು, ವಿಲಿಯಂ ಜೋನ್ಸನಿಗಿಂತ ಸುಮಾರು ಇಪ್ಪತ್ತು ವರ್ಷ ಮೊದಲೇ ಕಂಡು ಬರೆದವನು. ಕೃತಿಚೌರ್ಯಕ್ಕೆ ಈ ಕಾಲದ ವಿದ್ಯಾರ್ಥಿಗಳನ್ನು ಮಾತ್ರ ಗದರಿಸುವುದು ಸರಿಯಲ್ಲವೆಂದು ನನಗೆ ಆಗ ತೋರಿತು. ಆದರೂ ದೇವಿ ಹಾಕಿಸಿದ ಕೈಗಳು ದ್ಯುಬುವಾನವೇ. ಮತಾಂತರದ ಕಾರ್ಯ ಈ ದೇಶದಲ್ಲಿ ಫಲಿಸುವಂತಿಲ್ಲವೆಂದು ತನ್ನ ಮೂವತ್ತು ವರ್ಷಗಳ ಶ್ರಮದ ಕೊನೆಯಲ್ಲಿ ಬಹಿರಂಗವಾಗಿ ಬರೆದ ಧೈರ್ಯವೂ ಅವನದೇ. ಪುಸ್ತಕವನ್ನು ಬದಿಗಿಟ್ಟು ಅವನನ್ನು ಮೆಚ್ಚುವುದಕ್ಕೆ ಇವೆರಡು ಸಾಕು.

ಹಳ್ಳಿಯ ಇಗರ್ಜಿಗಳಿಗೆ ಹೋದಾಗ ಗೋರಿಗಳ ಮೇಲಿನ ಹೆಸರುಗಳನ್ನು ಓದಿ ನೋಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದುಂಟು. ಇನ್ನಾಸಪ್ಪ, ಚೌರಪ್ಪ, ಅಂತೋಣಪ್ಪ, ಚಿನ್ನಪ್ಪ, ಅರುಳಪ್ಪ. ಇಗ್ನೇಷಿಯಸ್ ಸಂತನು ಇನ್ನಾಸಪ್ಪನಾದನು, ಕ್ಸೇವಿಯರನು ಚೌರಪ್ಪನಾದನು. ಇವು ನಾಲಿಗೆ ಮಾಡಿದ ಕೆಲಸ. ಚಿನ್ನಪ್ಪ ಹಾಗಲ್ಲ: ಪೌಲನೆಂಬ ಲ್ಯಾಟಿನ್ ಹೆಸರಿಗೆ 'ಚಿಕ್ಕವನು' ಎಂದರ್ಥ, ತಮಿಳಿನಲ್ಲಿ ಚಿನ್ನ ಎಂದರೂ ಚಿಕ್ಕದೇ. ಯೋಹಾನನೆಂದರೆ ದೇವರ ಕೃಪೆ. ಅರುಳ್ ಎಂದರೂ ಕೃಪೆ. ಯಾರೋ ಒಬ್ಬ ಪಾದ್ರಿ ದೀಪದ ಬೆಳಕಿನಲ್ಲಿ ಕುಳಿತು ಹೆಸರುಗಳನ್ನು ಅನುವಾದಿಸಿದ್ದಾನೆ. ಅವು ತಮಿಳು ಸೀಮೆಯಿಂದ ಹೊರಟು ಘಟ್ಟ ಹತ್ತಿ ಬಂದು ನಮ್ಮ 'ಅಪ್ಪ'ನನ್ನು ಸೇರಿ ಕನ್ನಡವಾಗಿವೆ. 'ಇಗರ್ಜಿ' ಎಂಬ ಮಾತು ಪೋರ್ಚುಗೀಸರದು. 'ಪಾದ್ರಿ'ಯೂ ಅವರದೇ, ನಾವು ದಿನವೂ ಬರೆಯುವ 'ಮೇಜು', ಕೈತೊಳೆಯುವ 'ಸಾಬೂನು' ಸಹ ಅದೇ ಹಡಗಿನಲ್ಲಿ ಬಂದವು. ಆದರೆ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಕ್ರೈಸ್ತರು ಇಗರ್ಜಿ ಎನ್ನುವುದು ಅಪರೂಪ. ಅವರಿಗೆ ಅದು ಗುಡಿ, ಒಳಗಿರುವುದು ಸ್ವರೂಪ, ಹಬ್ಬಕ್ಕೆ ಎಳೆಯುವುದು ತೇರು.

ಶೆಟ್ಟಿಹಳ್ಳಿಯ ಗುಡಿ ಜಪಮಾಲೆಯ ಮಾತೆಯದು. ಫ್ರೆಂಚ್ ಪಾದ್ರಿಗಳು ೧೮೬೦ರ ದಶಕದಲ್ಲಿ ಕಟ್ಟಿಸಿದರೆಂದು ಪ್ರತೀತಿ. ಇಟ್ಟಿಗೆ, ಸುಣ್ಣದ ಗಾರೆ. ಗಾರೆಗೆ ಬೆಲ್ಲ, ಮೊಟ್ಟೆಗಳನ್ನು ಕಲಸಿದ್ದರೆಂದು ಊರವರ ನಂಬಿಕೆ. ಹಾಸನದಿಂದ ಸುಮಾರು ಇಪ್ಪತ್ತು ಕಿಲೋಮೀಟರು.

ನಾವು ದಸರೆಯಲ್ಲಿ ಹೋದಾಗ ಹೇಮಾವತಿ ತುಂಬಿತ್ತು. ರಸ್ತೆ ತಿರುಗಿದೊಡನೆ ಕಂಡದ್ದು ಬೆಳ್ಳಿಯ ಹಾಸಿನಂತಹ ನೀರು. ನೀರಿನ ನಡುವೆ ಅರ್ಧಕ್ಕೆ ಮುಳುಗಿದ ಕಮಾನುಗಳು. ಚೂಪು ತುದಿಯ ಕಿಟಕಿಯೊಂದರ ಮೂಲಕ ಬೆಳ್ಳಕ್ಕಿ ಒಳಗೆ ಹಾರಿ, ಇನ್ನೊಂದರಿಂದ ಹೊರಗೆ ಬಂದಿತು. ಗೋಡೆಯೂ ಅದರ ಪ್ರತಿಬಿಂಬವೂ ಸೇರಿ, ಎಂದೂ ಇರದಿದ್ದಷ್ಟು ಎತ್ತರದ ಗುಡಿಯೊಂದು ಕಣ್ಣಿಗೆ ಕಟ್ಟುತ್ತಿತ್ತು. ಸುಂದರವೇ. ಸುಂದರವೆಂದೇ ದಡದ ತುಂಬ ಜನ. ಮದುವೆಯಾಗಲಿರುವ ಒಂದು ಜೋಡಿಯನ್ನು ಛಾಯಾಗ್ರಾಹಕನು ನೀರಿನಂಚಿಗೆ ನಿಲ್ಲಿಸಿ, ಹುಡುಗಿಯ ಸೆರಗನ್ನು ಗಾಳಿಗೆ ಹಾರಿಸಲು ಸಹಾಯಕನಿಗೆ ಅಪ್ಪಣೆ ಕೊಡುತ್ತಿದ್ದನು. ನನ್ನ ಮಗಳು ಕೇಳಿದಳು: "ಅಪ್ಪ, ನೀರಿನೊಳಗೆ ಯಾಕೆ ಕಟ್ಟಿದರು?"

ನೀರಿನೊಳಗೆ ಕಟ್ಟಲಿಲ್ಲ, ಮಗು. ಗುಡಿಯ ಬಳಿಗೆ ನೀರು ಬಂತು. ಮೂಡಿಗೆರೆಯ ಕಡೆ ಬಲ್ಲಾಳರಾಯನದುರ್ಗದಲ್ಲಿ ಹುಟ್ಟುವ ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಮುಗಿದದ್ದು ೧೯೭೯ರಲ್ಲಿ. ಗೊರೂರೆಂದರೆ ನಮ್ಮ ರಾಮಸ್ವಾಮಿ ಅಯ್ಯಂಗಾರ್ಯರ ಗೊರೂರೇ. ಜಲಾಶಯ ಸುಮಾರು ಮೂವತ್ತೇಳು ಟಿ.ಎಂ.ಸಿ. ಅಡಿ ನೀರನ್ನು ಹಿಡಿಯುತ್ತದೆ. ಆ ನೀರು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಗದ್ದೆ ತೋಟಗಳಿಗೆ ಹರಿಯುತ್ತದೆ. ಅದರಿಂದ ಬದುಕಿದ ಸಂಸಾರಗಳು ಅಸಂಖ್ಯ. ಅಣೆಕಟ್ಟು ಆಗಬಾರದಿತ್ತೆಂದು ಹೇಳುವ ಎದೆ ನನಗಿಲ್ಲ. ಹಿಂದೆ ಸರಿದು ನಿಂತ ನೀರು ಊರುಗಳನ್ನು ತುಂಬಿತು. ಊರವರು ಎತ್ತರದ ನೆಲ ಹುಡುಕಿ ಹೋದರು. ಮನೆಯ ತೊಲೆ, ಹಂಚು, ಬಾಗಿಲುಗಳನ್ನು ಗಾಡಿಗೆ ಹೇರಿಕೊಂಡು ಹೋಗಬಹುದು; ಆ ಎತ್ತರದ ಗೋಡೆಗಳನ್ನು ಹೇರಲಾಗದು. ಅವು ಉಳಿದವು.

ಯುಗಾದಿ ಕಳೆದ ಮೇಲೆ, ಬಿರುಬೇಸಗೆಯಲ್ಲಿ, ನಾವು ಮತ್ತೊಮ್ಮೆ ಹೋದೆವು. ಈ ಸಲ ನೀರು ಹಿಂದಕ್ಕೆ ಸರಿದಿತ್ತು. ಕೆಸರು ಒಣಗಿ ಹಪ್ಪಳದಂತೆ ಬಿರಿದಿದ್ದ ನೆಲದ ಮೇಲೆ ನಡೆದೇ ಗುಡಿಯನ್ನು ತಲುಪಿದೆವು. ಹತ್ತಿರದಿಂದ ನೋಡಿದರೆ ಅದು ಛಾಯಾಚಿತ್ರದ ಗುಡಿಯಲ್ಲ. ಗಾರೆ ಕಳಚಿ ಇಟ್ಟಿಗೆಗಳು ಒಸಡು ಬಿಟ್ಟ ಹಲ್ಲುಗಳಂತೆ ನಿಂತಿವೆ. ಕಮಾನುಗಳ ಬುಡ ಸವೆದಿದೆ. ಕೆಲವು ಕಡೆ ಗೋಡೆ ಬಿದ್ದ ಗುಪ್ಪೆ. ಕೈಗೆಟಕುವ ಎತ್ತರದವರೆಗೆ ಪ್ರೇಮಿಗಳ ಹೆಸರುಗಳು. ಚಿಕ್ಕಬೆಟ್ಟದ ಮುನಿಗಳ ಹೆಸರಿನ ಹಾಗೆ ಇವೂ ಒಂದು ದಿನ ಶಾಸನವಾದಾವೆಂದು ನನ್ನಾಕೆ ನಕ್ಕಳು. ನನಗೆ ನಗು ಬರಲಿಲ್ಲ.

ಅಲ್ಲಿ ಒಬ್ಬ ಹಿರಿಯರು ಇದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಹೆಗಲ ಮೇಲೆ ಟವಲು. ದನ ಮೇಯಿಸಿಕೊಂಡು ಬಂದವರು. ದನಗಳನ್ನು ಆಚೆ ಬಿಟ್ಟು, ಹೆಬ್ಬಾಗಿಲು ಇದ್ದ ಕಡೆ ಬಂದು ನಿಂತರು. ಬಾಗಿಲಿಲ್ಲ, ಹೊಸ್ತಿಲೂ ಇಲ್ಲ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಸುಡುವ ಬಿಸಿಲಿನಲ್ಲಿ, ಇಟ್ಟಿಗೆಯ ಚೂರುಗಳ ಮೇಲೆ, ಬರಿಗಾಲಿನಲ್ಲಿ. ಬಲಿಪೀಠ ಇದ್ದ ಕಡೆ ಮುಖ ಮಾಡಿ ಹಣೆ, ಎದೆ, ಭುಜಗಳನ್ನು ಮುಟ್ಟಿಕೊಂಡು ಶಿಲುಬೆಯ ಗುರುತು ಮಾಡಿದರು.

"ಬೆಂಗಳೂರಿನೋರಾ ಸ್ವಾಮಿ?" ಎಂದು ಅವರೇ ಮಾತು ತೆಗೆದರು.

"ಹೌದು ಯಜಮಾನರೆ. ತಾವು ಇದೇ ಊರಿನವರೆ?"

"ಇದೇ ಊರು. ಅಗೋ ಅಲ್ಲಿ, ಹಸು ನಿಂತಿದ್ಯಲ್ಲ, ಅದರ ಪಕ್ಕಕ್ಕೆ ನಮ್ಮ ಮನೆ ಇತ್ತು. ನಮ್ಮಪ್ಪ ನಮ್ಮವ್ವನ ಮದುವೆ ಇಲ್ಲೇ ಆಗಿದ್ದು. ನನಗೆ ಜ್ಞಾನಸ್ನಾನ ಕೊಟ್ಟಿದ್ದೂ ಇಲ್ಲೇ. ಆಗೆಲ್ಲ ಪೂಜೆ ಲ್ಯಾಟಿನ್‌ನಾಗೆ. ಒಂದಕ್ಷರ ತಿಳೀತಿರಲಿಲ್ಲ. ಆದ್ರೂ ಗಂಟೆ ಹೊಡೆದ್ರೆ ಮೈ ಜುಂ ಅನ್ನೋದು."

ನನ್ನ ಮಗಳು ಮೆಲ್ಲಗೆ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದಳು. ಹಿರಿಯರು ತಡೆದರು. "ಬ್ಯಾಡ ಮಗ, ಕಾಲು ಸುಟ್ಟೋಗ್ತದೆ. ನಂಗೆ ರೂಢಿ." ಅವಳು ಕೇಳಲಿಲ್ಲ. ನಾನೂ ನನ್ನಾಕೆಯೂ ಸುಮ್ಮನೆ ಚಪ್ಪಲಿ ಬಿಟ್ಟೆವು. ಆಚೆ ತುದಿಯಲ್ಲಿ ಬೂಟುಗಾಲಿನಿಂದ ಗೋಡೆ ಹತ್ತಿ ನಿಂತಿದ್ದ ತರುಣರು ಇದೇನೋ ಆಚರಣೆಯಿರಬೇಕೆಂದು ಮೊಬೈಲಿನಲ್ಲಿ ನಮ್ಮ ಚಿತ್ರ ತೆಗೆದುಕೊಂಡರು.

ನೆರಳಿಗೆ ಬಂದು ಕುಳಿತ ಮೇಲೆ ಕೋಡುಬಳೆ ಕೊಟ್ಟೆವು. ಹಿರಿಯರು ಒಂದನ್ನು ತಿಂದು, ಒಂದನ್ನು ಟವಲಿನ ತುದಿಗೆ ಕಟ್ಟಿಕೊಂಡರು. ಅವರು ಒಂದು ಪ್ರಶ್ನೆ ಕೇಳಿದರು:

"ನಿಮ್ಮ ಬೆಂಗಳೂರಿಗೆ ನೀರು ಎಲ್ಲಿಂದ ಬರ್ತದೆ ಸ್ವಾಮಿ?"

"ಕಾವೇರಿಯಿಂದ."

"ಕಾವೇರಿಗೆ?"

ನಾನು ಉತ್ತರಿಸುವ ಮೊದಲೇ ಅವರು ನಕ್ಕರು. ನಗುವಿನಲ್ಲಿ ಕಹಿ ಇರಲಿಲ್ಲ. ಒಗಟು ಹಾಕಿ ಗೆದ್ದವರ ನಗು ಅದು. ಹೇಮಾವತಿ ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತಾಳೆ. ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರು ದೂರ, ಸುಮಾರು ಐನೂರು ಮೀಟರು ಎತ್ತರಕ್ಕೆ ಪಂಪು ಮಾಡಿ ಬೆಂಗಳೂರಿಗೆ ತರತೊಡಗಿದ್ದು ೧೯೭೪ರಲ್ಲಿ. ಅದಕ್ಕೆ ಮೊದಲು ನಗರದವರು ಕುಡಿಯುತ್ತಿದ್ದುದು ಅರ್ಕಾವತಿಯನ್ನು: ೧೮೯೬ರ ಹೆಸರಘಟ್ಟ, ೧೯೩೩ರ ತಿಪ್ಪಗೊಂಡನಹಳ್ಳಿ. ಊರು ಬೆಳೆಯಿತು, ಅರ್ಕಾವತಿ ಸಾಲದಾಯಿತು. ಬಸವೇಶ್ವರನಗರದ ನಮ್ಮ ಮನೆಯ ತೊಟ್ಟಿಗೆ ಬೆಳಗಿನ ಜಾವ ಸೊರಗುಟ್ಟುತ್ತ ಬೀಳುವ ನೀರಿನಲ್ಲಿ ಹೇಮಾವತಿಯ ಪಾಲೂ ಉಂಟು. ಭೂಗೋಳದ ಈ ಸಂಗತಿ ನನಗೆ ಗೊತ್ತಿದ್ದದ್ದೇ. ಆದರೆ ಆ ಗೋಡೆಯ ನೆರಳಿನಲ್ಲಿ, ಹಸು ನಿಂತಿದ್ದ ಜಾಗವನ್ನು ನೋಡುತ್ತ ಕುಳಿತಾಗ ಅದು ಬೇರೆಯ ತೂಕದಲ್ಲಿ ಬಂದಿತು.

ಈ ಗೋಡೆಗಳನ್ನು ಉಳಿಸಬೇಕೆ ಎಂದು ಅವರನ್ನೇ ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿದರು. "ಊರೇ ಹೋಯ್ತು ಸ್ವಾಮಿ, ಗೋಡೆ ಏನು. ಆದ್ರೆ ನಿಂತಿರೋ ಗಂಟ ಬರ್ತೀನಿ" ಎಂದರು. ದನಗಳು ದೂರ ಹೋಗಿದ್ದವು, ಎದ್ದು ಹೊರಟರು.

ಉಳಿಸುವ ವಿಷಯದಲ್ಲಿ ತಿಳಿದವರಲ್ಲಿ ಎರಡು ಪಕ್ಷಗಳುಂಟು. ಪ್ರತಿ ವರ್ಷ ಮುಳುಗಿ ಏಳುವುದೇ ಈ ಗುಡಿಯ ಸೊಬಗು, ಅದನ್ನು ಅದರ ಪಾಡಿಗೆ ಬಿಡಬೇಕೆಂದು ಒಂದು ಪಕ್ಷ. ಚಿತ್ರಕಾರರೂ ಪ್ರವಾಸಿಗಳೂ ಈ ಪಕ್ಷದವರು. ನನಗೆ ಇದು ಒಪ್ಪಿಗೆಯಿಲ್ಲ. ಸುಣ್ಣದ ಗಾರೆಯ ಗೋಡೆ ಸದಾ ನೀರಿನಲ್ಲಿದ್ದರೂ ತಾಳೀತು, ಸದಾ ಒಣಗಿದ್ದರೂ ತಾಳೀತು. ಅದನ್ನು ಕೊಲ್ಲುವುದು ವರ್ಷವರ್ಷವೂ ನೆನೆದು ಒಣಗುವ ಕ್ರಮ. ನೀರು ಇಟ್ಟಿಗೆಯ ರಂಧ್ರಗಳಿಗೆ ಇಳಿಯುತ್ತದೆ, ಒಣಗುವಾಗ ಲವಣವನ್ನು ಮೇಲ್ಮೈಗೆ ತರುತ್ತದೆ, ಆ ಲವಣ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿಮಾಡುತ್ತದೆ. ಚಾವಣಿ ಹೋದ ಮೇಲೆ ಗೋಡೆಯ ತಲೆಯಿಂದ ಮಳೆ ಇಳಿಯುತ್ತದೆ; ಬಿರುಕಿನಲ್ಲಿ ಹಕ್ಕಿ ಬಿತ್ತಿದ ಅರಳಿಯ ಬೀಜ ಮೊಳೆಯುತ್ತದೆ. ಇನ್ನೊಂದು ಪ್ರವಾಹದಲ್ಲಿ ಇನ್ನೊಂದು ಕಮಾನು. ಬೇಸಗೆಯಲ್ಲಿ ನೀರಿಳಿದ ಎರಡು ತಿಂಗಳಿನಲ್ಲಿ ಗೋಡೆಯ ತಲೆಗೆ ಸುಣ್ಣದ ಮುಚ್ಚಳಿಕೆ ಹಾಕಿ, ಗಿಡ ಕಿತ್ತು, ಸವೆದ ಬುಡಕ್ಕೆ ಇಟ್ಟಿಗೆ ಸೇರಿಸಬಹುದು. ಸಿಮೆಂಟು ಮಾತ್ರ ಕೂಡದು. ಗಡುಸಾದ ಸಿಮೆಂಟು ಮೆದುವಾದ ಹಳೆಯ ಇಟ್ಟಿಗೆಯೊಳಗೆ ನೀರನ್ನು ಕೂಡಿಹಾಕಿ ಅದನ್ನು ಇನ್ನೂ ಬೇಗ ತಿನ್ನುತ್ತದೆ. ಹೊಸದಾಗಿ ಕಟ್ಟುವುದು ಬೇಡ, ಬಣ್ಣ ಬಳಿಯುವುದು ಬೇಡ, ದೀಪಾಲಂಕಾರವಂತೂ ಬೇಡವೇ ಬೇಡ. ನಿಂತದ್ದನ್ನು ನಿಂತಂತೆ ಹಿಡಿದರಾಯಿತು. ಅದರ ಖರ್ಚು ನೀರು ಕುಡಿಯುವ ಊರಿನಿಂದ ಬಂದರೆ ಅನ್ಯಾಯವೇನೂ ಆಗದು.

ಹೋಗಬೇಕೆನ್ನುವವರಿಗೆ ಎರಡು ಮಾತು. ಆಶ್ವಯುಜ, ಕಾರ್ತಿಕಗಳಲ್ಲಿ ಹೋದರೆ ನೀರಿನ ನೋಟ. ಚೈತ್ರ, ವೈಶಾಖಗಳಲ್ಲಿ ಹೋದರೆ ನಡೆದು ಒಳಗೆ ಸೇರಬಹುದು. ತುಂಬಿದಾಗ ನೀರಿಗಿಳಿಯಬೇಡಿ, ಕೆಸರು ಆಳವಾಗಿದೆ. ಒಣಗಿದಾಗಲೂ ಗೋಡೆಯನ್ನು ಒರಗಿ ಕೂರಬೇಡಿ, ಮಕ್ಕಳನ್ನು ಕಮಾನಿನ ಕೆಳಗೆ ಆಡಬಿಡಬೇಡಿ; ಇಟ್ಟಿಗೆಗಳು ಸಡಿಲವಾಗಿವೆ. ಕುಡಿಯುವ ನೀರು, ಬುತ್ತಿ ಜೊತೆಯಲ್ಲಿರಲಿ. ಹಾಸನದಿಂದ ದೊಡ್ಡಗದ್ದವಳ್ಳಿ ಒಂದು ಕಡೆ, ಶೆಟ್ಟಿಹಳ್ಳಿ ಇನ್ನೊಂದು ಕಡೆ; ಎರಡನ್ನೂ ಒಂದೇ ದಿನದಲ್ಲಿ ಮುಗಿಸಬಹುದು, ಆದರೆ ನಮ್ಮ ನೆರೆಯವರ ಅರ್ಥದಲ್ಲಿ ಮುಗಿಸಬೇಡಿ. ಒಂದು ರಾತ್ರಿ ಹಾಸನದಲ್ಲಿ ತಂಗಿ. ಮುಂಜಾನೆ ಕೆರೆಯ ಮೇಲಿನ ಮಂಜು ಏಳುವ ಮೊದಲು ಲಕ್ಷ್ಮಿಯ ಗುಡಿಗೆ, ಬಿಸಿಲು ಇಳಿಯುವ ಹೊತ್ತಿಗೆ ಹೇಮಾವತಿಯ ದಡಕ್ಕೆ. ಅಲ್ಲಿ ದನ ಕಾಯುವ ಹಿರಿಯರೊಬ್ಬರು ಸಿಕ್ಕರೆ, ಬಸವೇಶ್ವರನಗರದ ಕೋಡುಬಳೆಯವರು ಕೇಳಿದರೆಂದು ತಿಳಿಸಿ.